ಶೂನ್ಯಸಂಪಾದನೆಯಲ್ಲಿ ಪ್ರಭುದೇವರ ಬೋಧನಕ್ರಮ

ಗುರುಮಹಿಮೆಯನ್ನು ಕುರಿತ ಮಾತು ವೀರಶೈವ ಸಾಹಿತ್ಯದಲ್ಲಿ ಹೇರಳವಾಗಿದೆ. ಅಷ್ಟಾವರಣಗಳಲ್ಲಿ ಗುರುವಿಗೆ ಪ್ರಥಮ ಸ್ಥಾನ. ಶಿಷ್ಯನ ಭಾವದಲ್ಲಿ ಅಡಗಿರುವ ವಸ್ತುವನ್ನು ಅವನ ಕರಸ್ಥಲಕ್ಕೆ ತಂದುಕೊಡುವವನು ಗುರು. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಆ ಗುರು ತನ್ನೆದುರು ಬಂದು ನಿಂತವರಿಗೆಲ್ಲ ಒಂದೇ ಬಗೆಯಲ್ಲಿ ಬೋಧಿಸಬೇಕೆ, ಅಥವಾ ಒಬ್ಬೊಬ್ಬರ ಸ್ವಭಾವಕ್ಕೆ ತಕ್ಕಂತೆ ಬೋಧೆಯ ರೀತಿಯನ್ನು ಬದಲಿಸಬೇಕೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಕೇಳಿದವರೂ ‘ಅಧಿಕಾರಿಭೇದ’ ಎಂಬ ಒಂದು ಶಬ್ದವನ್ನು ಹೇಳಿ ಮುಂದೆ ಸಾಗಿರುವುದೇ ಹೆಚ್ಚು. ಅಧಿಕಾರಿ ಭೇದವೆಂದರೇನು, ಅದನ್ನು ಗುರು ಹೇಗೆ ಕಂಡುಕೊಳ್ಳುತ್ತಾನೆ, ಕಂಡುಕೊಂಡ ಮೇಲೆ ಏನು ಮಾಡುತ್ತಾನೆ ಎಂಬುದನ್ನು ಪ್ರತ್ಯಕ್ಷವಾಗಿ ತೋರಿಸಿಕೊಡುವ ಗ್ರಂಥವೊಂದು ಕನ್ನಡದಲ್ಲಿದೆ. ಅದೇ ಶೂನ್ಯಸಂಪಾದನೆ.

ಶೂನ್ಯಸಂಪಾದನೆಯನ್ನು ಸಿದ್ಧಾಂತಗ್ರಂಥವೆಂದು ಓದುವ ರೂಢಿ ಬೆಳೆದು ಬಂದಿದೆ. ಅದು ತಪ್ಪಲ್ಲ. ಆದರೆ ಅದರ ಆಕಾರ ಶಾಸ್ತ್ರದ ಆಕಾರವಲ್ಲ, ಸಂವಾದದ ಆಕಾರ. ಇಲ್ಲಿ ತತ್ತ್ವವು ಒಂದೆಡೆ ಕುಳಿತು ವ್ಯಾಖ್ಯಾನಗೊಳ್ಳುವುದಿಲ್ಲ. ಊರಿಂದೂರಿಗೆ ನಡೆದುಹೋಗಿ, ದುಃಖದಲ್ಲಿರುವವಳನ್ನು, ಕೆರೆ ಕಟ್ಟಿಸುವವನನ್ನು, ಪೂಜೆಗೆ ಕುಳಿತವನನ್ನು, ಅಕ್ಕಿ ಆಯುವವನನ್ನು ಅವರವರ ಎಡೆಯಲ್ಲಿಯೇ ಸಂಧಿಸುತ್ತದೆ. ಹಾಗೆ ಸಂಧಿಸುವ ಪ್ರಭುದೇವರು ಪ್ರತಿಯೊಬ್ಬರೊಡನೆಯೂ ಬೇರೆಯಾಗಿಯೇ ವರ್ತಿಸುತ್ತಾರೆ. ಈ ಬೇರೆತನದ ಹಿಂದಿರುವ ಸೂತ್ರವನ್ನು ಅರಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಗ್ರಂಥವನ್ನು ಕುರಿತು ಒಂದು ಎಚ್ಚರಿಕೆ ಅಗತ್ಯ. ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಇದನ್ನು ಮೊದಲು ಸಂಯೋಜಿಸಿದನು. ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯ ಇವರು ಒಬ್ಬರಾದ ಮೇಲೊಬ್ಬರು ಅದನ್ನು ಪರಿಷ್ಕರಿಸಿದರು. ವಚನಗಳು ಹನ್ನೆರಡನೆಯ ಶತಮಾನದ ಶರಣರವು. ಅವುಗಳನ್ನು ಪ್ರಶ್ನೆಯಾಗಿ ಉತ್ತರವಾಗಿ ಜೋಡಿಸಿದ ಕ್ರಮವೂ ನಡುವಣ ಗದ್ಯವೂ ಸಂಪಾದನಕಾರರವು. ಒಂದು ವಚನವು ಮೂಲದಲ್ಲಿ ಯಾರಿಗಾಗಿ, ಯಾವ ಸಂದರ್ಭದಲ್ಲಿ ಹುಟ್ಟಿತೆಂಬುದನ್ನು ಸಂಪಾದನೆಯ ಆಧಾರದಿಂದ ಮಾತ್ರ ನಿರ್ಣಯಿಸಲಾಗದು. ಆದುದರಿಂದ ಇಲ್ಲಿ ‘ಪ್ರಭುದೇವರ ಬೋಧನಕ್ರಮ’ವೆಂದರೆ ಸಂಪಾದನಕಾರರು ಕಂಡ ಪ್ರಭುದೇವರ ಬೋಧನಕ್ರಮವೆಂದೇ ತಿಳಿಯತಕ್ಕದ್ದು. ಇದರಿಂದ ಗ್ರಂಥದ ಬೆಲೆ ಕುಂದುವುದಿಲ್ಲ. ಯಾವ ಮಾತು ಯಾವ ಮನಸ್ಸಿಗೆ ನಾಟುತ್ತದೆ ಎಂಬುದನ್ನು ಬಲ್ಲವರಲ್ಲದೆ ಬೇರೆಯವರು ಇಂಥ ಜೋಡಣೆಯನ್ನು ಮಾಡಲಾರರು. ಸಂಪಾದನಕಾರರೂ ಒಂದು ಅರ್ಥದಲ್ಲಿ ಬೋಧಕರೇ.

ಫ. ಗು. ಹಳಕಟ್ಟಿಯವರು 1930ರಲ್ಲಿ ಈ ಗ್ರಂಥವನ್ನು ಅಚ್ಚಿನಲ್ಲಿ ತಂದರು, ಸಂ. ಶಿ. ಭೂಸನೂರಮಠರು ಗೂಳೂರ ಸಿದ್ಧವೀರಣಾರ್ಯನ ಪಾಠವನ್ನು 1958ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರ ಅವಧಿಯಲ್ಲಿ ಇಂಗ್ಲಿಷ್ ಅನುವಾದವನ್ನು ಐದು ಸಂಪುಟಗಳಲ್ಲಿ ಹೊರತಂದಿತು. ಈ ಹಿರಿಯರ ಶ್ರಮದ ಫಲವಾಗಿ ಗ್ರಂಥವು ಇಂದು ಸಾಮಾನ್ಯ ಓದುಗರಿಗೂ ಸಿಕ್ಕುವಂತಾಗಿದೆ. ಆದರೆ ಅದರೊಡನೆ ಒಂದು ಅರೆಗ್ರಹಿಕೆಯೂ ಹಬ್ಬಿದೆ. ಪ್ರಭುದೇವರು ನಿಷ್ಠುರರು, ಎದುರು ಬಂದವರನ್ನೆಲ್ಲ ಮಾತಿನಿಂದ ಮುರಿದು ಹಾಕುವವರು, ಮುರಿಯದೆ ಅರಿವು ಮೂಡದು ಎಂಬುದು ಅವರ ಮತ — ಹೀಗೆಂದು ಉಪನ್ಯಾಸಗಳಲ್ಲಿ ಕೇಳಿಬರುತ್ತದೆ. ಕೆಲವು ಬೋಧಕರು ತಮ್ಮ ಕಾಠಿಣ್ಯಕ್ಕೆ ಇದನ್ನೇ ಸಮರ್ಥನೆಯಾಗಿ ಬಳಸುವುದೂ ಉಂಟು. ಗ್ರಂಥವನ್ನು ಪ್ರಸಂಗ ಪ್ರಸಂಗವಾಗಿ ನೋಡಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ.

ಮುಕ್ತಾಯಿಯ ಪ್ರಸಂಗವನ್ನೇ ಮೊದಲು ತೆಗೆದುಕೊಳ್ಳಬಹುದು. ಅಜಗಣ್ಣ ಅವಳಿಗೆ ಒಡಹುಟ್ಟಿದವನು ಮಾತ್ರವಲ್ಲ, ಅರಿವು ಕೊಟ್ಟ ಗುರು. ತನ್ನ ಭಕ್ತಿಯನ್ನು ಲೋಕಕ್ಕೆ ತೋರಗೊಡದೆ ಗುಪ್ತವಾಗಿ ನಡೆಸಿದವನು. ಅವನ ಅಗಲಿಕೆಯಿಂದ ಶೋಕಿಸುತ್ತಿರುವ ಮುಕ್ತಾಯಿಯ ಬಳಿಗೆ ಪ್ರಭುದೇವರು ಬರುತ್ತಾರೆ. ಇಲ್ಲಿ ಎರಡು ಸುಲಭ ಮಾರ್ಗಗಳಿದ್ದವು. ಹುಟ್ಟಿದವರು ಸಾಯಲೇಬೇಕೆಂದು ಸಮಾಧಾನ ಹೇಳಿ ಹೋಗಬಹುದಿತ್ತು. ಅರಿತವಳು ಅಳಬಾರದೆಂದು ಗದರಿಸಬಹುದಿತ್ತು. ಪ್ರಭುದೇವರು ಎರಡನ್ನೂ ಮಾಡುವುದಿಲ್ಲ. ಅಳುವಿಗೆ ಕಾರಣವನ್ನು ಕೇಳುತ್ತಾರೆ, ಅವಳನ್ನು ಮಾತಿಗೆಳೆಯುತ್ತಾರೆ. ಮಾತು ಬೆಳೆದಂತೆ ಶೋಕವು ವಿಚಾರವಾಗಿ ತಿರುಗುತ್ತದೆ. ಕೊನೆಗೆ ಅವಳೇ ಪ್ರಭುದೇವರನ್ನು ಪ್ರಶ್ನಿಸುವಷ್ಟು ಗಟ್ಟಿಯಾಗುತ್ತಾಳೆ: ಅರಿತವನು ಮೌನಿಯಾಗಬೇಕಲ್ಲವೆ, ಇನ್ನೂ ಮಾತನ್ನಾಡುವವನು ಮಾತಿನ ಹಂಗನ್ನು ಹರಿದವನು ಹೇಗಾದಾನು ಎಂಬುದು ಅವಳ ಆಕ್ಷೇಪದ ತಿರುಳು. ಗುರುವಿನ ಬುಡಕ್ಕೇ ಕೈಹಾಕುವ ಪ್ರಶ್ನೆ ಇದು. ಪ್ರಭುದೇವರು ಕೆರಳುವುದಿಲ್ಲ, ನುಡಿಯುವುದೂ ನುಡಿಯದಿರುವುದೂ ಅರಿವಿನ ಅಳತೆಯಲ್ಲವೆಂಬುದನ್ನು ಸಮಾನಸ್ಕಂಧಳೊಡನೆ ಮಾತನಾಡುವಂತೆ ಬಿಡಿಸಿ ಹೇಳುತ್ತಾರೆ. ಅಳುವವಳನ್ನು ಪ್ರಶ್ನಿಸುವವಳನ್ನಾಗಿ ಮಾಡಿದುದೇ ಇಲ್ಲಿನ ಬೋಧೆ. ಮುಕ್ತಾಯಿ ಸ್ವಭಾವತಃ ಚಿಂತಕಿ. ಅವಳಿಗೆ ಸಾಂತ್ವನದ ಮಾತಿಗಿಂತ ವಾದಕ್ಕೆ ನಿಲ್ಲುವ ಅವಕಾಶವೇ ದೊಡ್ಡ ಸಾಂತ್ವನ.

ಇದೇ ಪ್ರಭುದೇವರು ಸೊನ್ನಲಿಗೆಗೆ ಬಂದಾಗ ಬೇರೊಬ್ಬರೇ ಆಗುತ್ತಾರೆ. ಸಿದ್ಧರಾಮರು ಕರ್ಮಯೋಗಿಗಳು. ಕೆರೆ, ದೇವಾಲಯಗಳ ನಿರ್ಮಾಣದಲ್ಲಿ ನೂರಾರು ಜನ ಅವರ ಮಾತಿನಂತೆ ದುಡಿಯುತ್ತಿದ್ದಾರೆ. ಅಂಥವರನ್ನು ಪ್ರಭುದೇವರು ಕಲ್ಲುಮಣ್ಣಿನ ಕೆಲಸದ ಒಡ್ಡನೆಂದು ಹೀಯಾಳಿಸಿ ಕರೆಯುತ್ತಾರೆ. ಕೆಲಸಗಾರರು ಕಲ್ಲೆಸೆಯುತ್ತಾರೆ. ಸುದ್ದಿ ತಿಳಿದು ಬಂದ ಸಿದ್ಧರಾಮರ ಕೋಪವು ಬೆಂಕಿಯಾಗಿ ಹೊಮ್ಮುತ್ತದೆ. ಪ್ರಭುದೇವರು ಆ ಬೆಂಕಿಯನ್ನು ಶಮನಗೊಳಿಸುತ್ತಾರೆ. ಅನಂತರವೇ ಸಂವಾದ ಆರಂಭವಾಗುವುದು. ಈ ಪ್ರಸಂಗವನ್ನು ಅದ್ಭುತವೆಂದು ಮಾತ್ರ ಓದಿದರೆ ಅದರ ಬೋಧನಾರ್ಥ ತಪ್ಪಿಹೋಗುತ್ತದೆ. ಸಿದ್ಧರಾಮರಿಗೆ ಉಪದೇಶದ ಕೊರತೆ ಇರಲಿಲ್ಲ; ಶಾಂತಿ, ದಯೆ, ನಿಷ್ಕಾಮಗಳನ್ನು ಕುರಿತು ಅವರೇ ಸಾವಿರ ಜನಕ್ಕೆ ಹೇಳಬಲ್ಲವರಾಗಿದ್ದರು. ತಮ್ಮಲ್ಲಿ ‘ನಾನು ಮಾಡಿದೆ’ ಎಂಬ ಕಿಡಿ ಉಳಿದಿದೆಯೆಂಬುದು ಮಾತ್ರ ಅವರಿಗೆ ಗೋಚರವಾಗಿರಲಿಲ್ಲ. ಹೇಳಿದ್ದರೆ ಅವರು ಒಪ್ಪುತ್ತಿರಲಿಲ್ಲ. ಆದುದರಿಂದ ಪ್ರಭುದೇವರು ಹೇಳಲಿಲ್ಲ, ಕಾಣಿಸಿದರು. ಒಂದು ಹೀನ ಸಂಬೋಧನೆಯಿಂದ ಹೊತ್ತಿಕೊಂಡ ಬೆಂಕಿಯೇ ಸಿದ್ಧರಾಮರಿಗೆ ಸಾಕ್ಷಿಯಾಯಿತು.

ಇನ್ನೊಂದು ಅಂಶವನ್ನು ಮರೆಯಲಾಗದು. ಪ್ರಭುದೇವರು ಕೆರೆಯನ್ನು ಒಡೆಯಲಿಲ್ಲ. ಇಂದಿಗೂ ಸೊಲ್ಲಾಪುರದ ಸಿದ್ಧೇಶ್ವರ ದೇವಾಲಯ ನೀರಿನ ನಡುವೆ ನಿಂತಿದೆ. ಆಕ್ಷೇಪವಿದ್ದುದು ಕಾರ್ಯದ ಮೇಲಲ್ಲ, ಕಾರ್ಯಕ್ಕೆ ಅಂಟಿದ ಕರ್ತೃತ್ವದ ಮೇಲೆ. ಕಟ್ಟುವ ಸ್ವಭಾವದವನ ಕೈಯಿಂದ ಕಟ್ಟುವಿಕೆಯನ್ನು ಕಿತ್ತುಕೊಳ್ಳುವವನು ಬೋಧಕನಲ್ಲ. ಅವನನ್ನು ಬರಿಗೈ ಮಾಡಿದವನು ಮಾತ್ರ.

ಕಲ್ಯಾಣದ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಪ್ರಭುದೇವರು ಸಿದ್ಧರಾಮರೊಡನೆ ಬಸವಣ್ಣನವರ ಮಹಾಮನೆಯ ಬಾಗಿಲಿಗೆ ಬರುತ್ತಾರೆ. ಬಸವಣ್ಣನವರು ಲಿಂಗಾರ್ಚನೆಯಲ್ಲಿದ್ದಾರೆ. ಒಳಗೆ ಬರಬೇಕೆಂದು ಅಪ್ಪಣ್ಣನ ಮುಖಾಂತರ ಹೇಳಿ ಕಳುಹಿಸುತ್ತಾರೆ. ಪ್ರಭುದೇವರು ಹೊಸ್ತಿಲು ದಾಟುವುದಿಲ್ಲ. ಇಲ್ಲಿ ಮುರಿಯಬೇಕಾದ ಅಹಂಕಾರವಿಲ್ಲ. ಬಸವಣ್ಣನವರಷ್ಟು ಕಿಂಕರಭಾವದವರು ಬೇರೊಬ್ಬರಿಲ್ಲ. ಆದರೆ ಅವರು ಅತ್ಯಂತ ಪ್ರೀತಿಯಿಂದ ಹಿಡಿದಿದ್ದ ಪೂಜೆಯೇ ಆ ಕ್ಷಣದಲ್ಲಿ ಬಾಗಿಲಲ್ಲಿ ನಿಂತ ಜಂಗಮಕ್ಕೂ ಅವರಿಗೂ ನಡುವೆ ತೆರೆಯಾಗಿತ್ತು. ಬಸವಣ್ಣನವರ ಇಡೀ ಜೀವನವು ಜಂಗಮವೇ ಲಿಂಗವೆಂಬ ನಂಬಿಕೆಯ ಮೇಲೆ ನಿಂತಿದೆ. ಪ್ರಭುದೇವರು ಹೊಸದೇನನ್ನೂ ಕಲಿಸಲಿಲ್ಲ. ಅವರ ನಂಬಿಕೆಯನ್ನೇ ಅವರೆದುರು ತಂದು ನಿಲ್ಲಿಸಿದರು. ಗಟ್ಟಿಯಾಗಿ ಗದರಿಸಲಿಲ್ಲ, ಸುಮ್ಮನೆ ಒಳಗೆ ಬಾರದೆ ನಿಂತರು. ಭಾವುಕನಾದ ಭಕ್ತನಿಗೆ ಗುರು ಬಾಗಿಲಲ್ಲಿ ನಿಂತುಕೊಂಡಿರುವುದಕ್ಕಿಂತ ಹೆಚ್ಚಿನ ಶಿಕ್ಷೆ ಯಾವುದಿದ್ದೀತು! ಚನ್ನಬಸವಣ್ಣನವರು ವಿಷಯವನ್ನು ತಿಳಿಯಹೇಳಿದ ಮೇಲೆ ಬಸವಣ್ಣನವರು ತಾವೇ ಎದುರ್ಗೊಳ್ಳಲು ಬರುತ್ತಾರೆ.

ಮರುಳಶಂಕರದೇವನ ಪ್ರಸಂಗವು ಬೋಧಕರಾದವರೆಲ್ಲ ಮತ್ತೆ ಮತ್ತೆ ಓದಬೇಕಾದುದು. ಅವನು ಹನ್ನೆರಡು ವರ್ಷ ಬಸವಣ್ಣನವರ ಮಹಾಮನೆಯಲ್ಲಿಯೇ, ಪ್ರಸಾದಕುಂಡದ ಬಳಿ, ಯಾರ ಗಮನಕ್ಕೂ ಬಾರದೆ ಸೇವೆ ಮಾಡಿಕೊಂಡಿದ್ದವನು. ಜನರು ಅವನನ್ನು ಮರುಳನೆಂದು ತಿಳಿದಿದ್ದರು. ಕೇಳಲಿಲ್ಲ, ವಾದಿಸಲಿಲ್ಲ, ಸಭೆಯಲ್ಲಿ ಕುಳಿತುಕೊಳ್ಳಲಿಲ್ಲ. ಲಕ್ಷ ಜನಕ್ಕೆ ಉಣಿಸುವ ಮನೆಯಲ್ಲಿ ಅವನೊಬ್ಬ ಯಾರ ಎಣಿಕೆಗೂ ಸಿಕ್ಕದೆ ಉಳಿದನು. ಪ್ರಭುದೇವರು ಅವನನ್ನು ಗುರುತಿಸುತ್ತಾರೆ. ಇಷ್ಟು ದಿನ ಮನೆಯಲ್ಲಿದ್ದ ನಿಧಿಯನ್ನು ತಾವು ಕಾಣಲಿಲ್ಲವಲ್ಲಾ ಎಂದು ಬಸವಣ್ಣನವರು ನೊಂದುಕೊಳ್ಳುತ್ತಾರೆ. ಈ ಪ್ರಸಂಗದಲ್ಲಿ ಪ್ರಭುದೇವರ ವಾಣಿಯಲ್ಲಿ ಕಾಠಿಣ್ಯದ ಎಳೆಯೂ ಇಲ್ಲ. ಮರುಳಶಂಕರನಿಗೆ ಬೇಕಾದುದು ಪ್ರಶ್ನೆಯಲ್ಲ, ಪೆಟ್ಟಲ್ಲ, ಉಪದೇಶವೂ ಅಲ್ಲ. ಕಂಡುಕೊಳ್ಳುವ ಒಂದು ಕಣ್ಣು ಮಾತ್ರ. ಸಿದ್ಧರಾಮರಿಗೆ ಮಾಡಿದುದನ್ನು ಇವನಿಗೆ ಮಾಡಿದ್ದರೆ ಅದು ಹಿಂಸೆಯಾಗುತ್ತಿತ್ತು. ಪ್ರತಿಯೊಂದು ಪಾಠಶಾಲೆಯಲ್ಲಿಯೂ ಕೊನೆಯ ಸಾಲಿನಲ್ಲಿ ಒಬ್ಬ ಮರುಳಶಂಕರ ಕುಳಿತಿರುತ್ತಾನೆ. ಅವನ ಮೌನವನ್ನು ಮಂದಬುದ್ಧಿಯೆಂದು ದಾಖಲೆ ಪುಸ್ತಕದಲ್ಲಿ ಬರೆದು ಮುಗಿಸುವ ಬೋಧಕನು ಬಸವಣ್ಣನವರಿಗೆ ಆದ ನೋವನ್ನು ಒಂದು ದಿನ ಅನುಭವಿಸಬೇಕಾದೀತು.

ಆಯ್ದಕ್ಕಿ ಮಾರಯ್ಯನ ವಿಚಾರದಲ್ಲಿ ಬೋಧೆಯ ದಾರಿ ಇನ್ನೂ ವಿಚಿತ್ರವಾಗಿ ತಿರುಗುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಕಾಯಕನಿಷ್ಠೆ ಅವನ ಉಸಿರು. ಪ್ರಭುದೇವರೊಡನೆ ಅನುಭಾವದ ಮಾತಿಗೆ ಕುಳಿತ ಮಾರಯ್ಯನು ಆ ಮಾತಿನಲ್ಲಿ ಮುಳುಗಿ ಕಾಯಕವನ್ನೇ ಮರೆಯುತ್ತಾನೆ. ಆಗ ಅವನನ್ನು ಎಚ್ಚರಿಸುವವಳು ಅವನ ಸತಿ ಲಕ್ಕಮ್ಮ. ಅನುಭಾವದ ಮಾತು ಎಷ್ಟು ದೊಡ್ಡದಾದರೂ ಕಾಯಕ ನಿಂತುಹೋಗಬಾರದೆಂದು ಅವಳು ನೆನಪು ಮಾಡಿಕೊಡುತ್ತಾಳೆ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ಅವನು ತಂದಾಗ, ಅಗತ್ಯಕ್ಕೆ ಮೀರಿದುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳುವವಳೂ ಅವಳೇ. ಕೊನೆಗೆ ಪರಮಾರ್ಥದ ನಿಲವನ್ನು ಕುರಿತು ಮಾರಯ್ಯನು ತನ್ನ ಸತಿಯಿಂದಲೇ ತಿಳಿದುಕೊಳ್ಳುತ್ತಾನೆ. ಪ್ರಭುದೇವರು ಜಿಜ್ಞಾಸೆಯನ್ನು ಎಬ್ಬಿಸಿದರು. ಉತ್ತರ ದೊರೆತದ್ದು ಮನೆಯಲ್ಲಿ. ದುಡಿಮೆಯ ಮನುಷ್ಯನಿಗೆ ಸಭೆಯ ಭಾಷೆಗಿಂತ ಅಡುಗೆಮನೆಯ ಭಾಷೆ ಹತ್ತಿರ. ತನ್ನ ಶಿಷ್ಯನು ಇನ್ನೊಬ್ಬರಿಂದ, ಅದೂ ತನ್ನ ಸಭೆಯ ಹೊರಗಿನವರಿಂದ, ಹೆಚ್ಚು ಕಲಿಯಬಲ್ಲನೆಂಬುದನ್ನು ಸಂತೋಷದಿಂದ ಒಪ್ಪಿಕೊಳ್ಳುವ ಗುರುಗಳು ಎಷ್ಟು ಮಂದಿ!

ಅಕ್ಕಮಹಾದೇವಿಯ ಪ್ರಸಂಗದಲ್ಲಿ ನಿಷ್ಠುರತೆ ಮತ್ತೆ ಕಾಣಿಸಿಕೊಳ್ಳುತ್ತದೆ. ತುಂಬಿದ ಸಭೆಯಲ್ಲಿ ಪ್ರಭುದೇವರು ಅವಳನ್ನು ಗಂಡನಾರೆಂದು ಕೇಳುತ್ತಾರೆ. ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಏಕೆ ಮರೆಮಾಡಿದೆಯೆಂದು ಕೇಳುತ್ತಾರೆ. ಮೇಲುನೋಟಕ್ಕೆ ಇದು ಸೊನ್ನಲಿಗೆಯ ಪ್ರಸಂಗದಂತೆಯೇ ಕಾಣುತ್ತದೆ. ಆದರೆ ಫಲ ಬೇರೆ. ಸಿದ್ಧರಾಮರಲ್ಲಿ ಕೋಪ ಹೊತ್ತಿಕೊಂಡಿತು. ಅಕ್ಕನಲ್ಲಿ ಉತ್ತರ ಹುಟ್ಟಿತು. ಹಣ್ಣು ಒಳಗೆ ಪಕ್ವವಾಗದೆ ಹೊರಗಿನ ಬಣ್ಣ ಬದಲಾಗದೆಂಬ ಅರ್ಥದ ಮಾತನ್ನೂ, ತನ್ನ ಮರೆ ತನಗಾಗಿ ಅಲ್ಲ, ನೋಡುವವರಿಗೆ ನೋವಾಗಬಾರದೆಂದು ಎಂಬ ಭಾವವನ್ನೂ ಅವಳು ಸ್ವಲ್ಪವೂ ವಿಚಲಿತಳಾಗದೆ ನುಡಿಯುತ್ತಾಳೆ. ಪ್ರಭುದೇವರಿಗೆ ಅವಳ ನಿಲವು ತಿಳಿಯದ್ದಲ್ಲ. ಒಂಟಿಯಾಗಿ ದಾರಿ ನಡೆದು ಬಂದ ತರುಣಿಯ ಬಗೆಗೆ ನೆರೆದ ಸಭೆಗೆ ಸಂಶಯವಿದ್ದೀತು. ಆ ಸಂಶಯವನ್ನು ಪ್ರಭುದೇವರು ತಮ್ಮ ಬಾಯಿಂದಲೇ ಆಡಿ, ಅವಳ ಬಾಯಿಂದಲೇ ಅದನ್ನು ಪರಿಹರಿಸಿದರು. ಅವಳ ಪರವಾಗಿ ತಾವೇ ಮಾತನಾಡಿದ್ದರೆ ಅವಳು ಪ್ರಭುದೇವರ ಕೃಪೆಗೆ ಪಾತ್ರಳಾದ ಹೆಣ್ಣಾಗಿ ಉಳಿಯುತ್ತಿದ್ದಳು. ಪ್ರಶ್ನಿಸಿದುದರಿಂದ ಎಲ್ಲರಿಗೂ ಅಕ್ಕನಾದಳು. ಕಠಿಣ ಪ್ರಶ್ನೆಯನ್ನು ತಾಳಬಲ್ಲವರಿಗೆ ಮಾತ್ರ ಕೇಳಬೇಕು. ತಾಳಬಲ್ಲವರಿಗೆ ಕೇಳದೆ ಬಿಡುವುದೂ ಅನ್ಯಾಯವೇ.

ಕಡೆಯದಾಗಿ ಗೋರಕ್ಷನ ಪ್ರಸಂಗ. ದೇಹವನ್ನು ವಜ್ರದಂತೆ ಸಾಧಿಸಿಕೊಂಡ ಸಿದ್ಧನವನು. ಅವನಿಗೆ ದೇಹಸಿದ್ಧಿಯೇ ಪ್ರಮಾಣ. ಮಾತಿನಿಂದ ಅವನನ್ನು ಒಪ್ಪಿಸಲಾಗದು. ಅವನ ದೇಹಕ್ಕೆ ಕತ್ತಿ ತಗುಲಿದಾಗ ಲೋಹದ ಸದ್ದು ಕೇಳಿಬರುತ್ತದೆ. ಅದೇ ಕತ್ತಿಯನ್ನು ಅವನು ಪ್ರಭುದೇವರ ಮೇಲೆ ಬೀಸಿದಾಗ ಬಯಲಿನಲ್ಲಿ ಬೀಸಿದಂತೆ ಹಾಯ್ದುಹೋಗುತ್ತದೆ. ಗೋರಕ್ಷನು ಒಪ್ಪುವ ಪ್ರಮಾಣದಿಂದಲೇ ಗೋರಕ್ಷನಿಗೆ ಬೋಧೆಯಾಯಿತು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಬರುವ ತೋಟಿಗ ಗೊಗ್ಗಯ್ಯನ ಕಥೆಯಲ್ಲಿಯೂ ಇದೇ ನೀತಿ ಇದೆ. ಮಣ್ಣು ಅಗೆಯುವವನೊಡನೆ ಪ್ರಭುದೇವರು ತೋಟದ ಮಾತನ್ನೇ ಆಡುತ್ತಾರೆ. ದೇಹವೇ ತೋಟ, ಅಲ್ಲಿ ಬೆಳೆಯಬೇಕಾದ ಬೆಳೆ ಬೇರೊಂದಿದೆ ಎಂದು ತಿಳಿಸುತ್ತಾರೆ. ಸಿದ್ಧನಿಗೆ ಕತ್ತಿ, ತೋಟಿಗನಿಗೆ ಗುದ್ದಲಿ.

ಈ ಆರೇಳು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸೂತ್ರ ಗೋಚರವಾಗುತ್ತದೆ. ಪ್ರಭುದೇವರು ಎದುರಿಗಿದ್ದವನು ಯಾವ ವರ್ಗಕ್ಕೆ ಸೇರಿದವನೆಂದು ಕೇಳುವುದಿಲ್ಲ. ಅವನು ಯಾವುದನ್ನು ಅತ್ಯಂತ ಬಿಗಿಯಾಗಿ ಹಿಡಿದಿದ್ದಾನೆಂದು ನೋಡುತ್ತಾರೆ. ಮುಕ್ತಾಯಿ ಹಿಡಿದದ್ದು ಗುರುವಿನ ನೆನಪನ್ನು, ಸಿದ್ಧರಾಮರು ಕರ್ತೃತ್ವವನ್ನು, ಬಸವಣ್ಣನವರು ಪೂಜೆಯನ್ನು, ಮಾರಯ್ಯ ಕಾಯಕವನ್ನು, ಗೋರಕ್ಷ ಕಾಯವನ್ನು, ಮರುಳಶಂಕರ ತನ್ನ ಅಜ್ಞಾತವಾಸವನ್ನು. ಬೋಧೆಯು ಆ ಹಿಡಿತದಿಂದಲೇ ಆರಂಭವಾಗುತ್ತದೆ. ಹಿಡಿದ ವಸ್ತುವನ್ನು ಕಸಿದುಕೊಳ್ಳುವುದು ಅದರ ಗುರಿಯಲ್ಲ. ಹಿಡಿದ ಕೈ ಸಡಿಲವಾದರೆ ಸಾಕು. ಸಡಿಲಗೊಳಿಸುವ ಉಪಾಯ ಮಾತ್ರ ಒಬ್ಬೊಬ್ಬರಿಗೆ ಒಂದೊಂದು.

ಇದನ್ನು ವರ್ಗೀಕರಣವೆಂದು ಭಾವಿಸುವುದು ದೊಡ್ಡ ಪ್ರಮಾದ. ಮನುಷ್ಯರನ್ನು ಸ್ವಭಾವಾನುಸಾರ ವಿಂಗಡಿಸುವ ಆಸೆ ಹಳೆಯದು. ಪಶ್ಚಿಮದಲ್ಲಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅಂತರ್ಮುಖಿ, ಬಹಿರ್ಮುಖಿ ಎಂಬ ಭೇದಗಳು ಪ್ರಚಾರಕ್ಕೆ ಬಂದವು. ಅನಂತರದ ದಶಕಗಳಲ್ಲಿ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳನ್ನು ವಿಭಾಗಿಸಿ, ಒಂದೊಂದು ವಿಭಾಗಕ್ಕೆ ಒಂದೊಂದು ಬೋಧನಕ್ರಮವನ್ನು ನಿಗದಿಪಡಿಸಬೇಕೆಂಬ ವಾದ ಶಿಕ್ಷಕರ ತರಬೇತಿಯಲ್ಲಿಯೂ ಸೇರಿಕೊಂಡಿತು. ಆದರೆ 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಈ ವಾದಕ್ಕೆ ಇರುವ ಆಧಾರಗಳನ್ನು ಪರಿಶೀಲಿಸಿ, ಹಾಗೆ ವಿಭಾಗಿಸಿ ಬೋಧಿಸುವುದರಿಂದ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ತೀರ್ಮಾನಿಸಿದರು. ಇದರಿಂದ ಮಕ್ಕಳೆಲ್ಲ ಒಂದೇ ಎಂದಾಗಲಿಲ್ಲ. ಚೀಟಿ ಅಂಟಿಸುವುದಕ್ಕೂ ಮಗುವನ್ನು ಅರಿಯುವುದಕ್ಕೂ ಬಹಳ ಅಂತರವಿದೆಯೆಂದು ಮಾತ್ರ ಆಯಿತು. ಚೀಟಿ ಅಂಟಿಸಿದ ಮೇಲೆ ಬೋಧಕನು ಮಗುವನ್ನು ನೋಡುವುದನ್ನು ಬಿಟ್ಟು ಚೀಟಿಯನ್ನು ಓದತೊಡಗುತ್ತಾನೆ.

ಇದೇ ಅಪಾಯ ಷಟ್ಸ್ಥಲಕ್ಕೂ ಒದಗಿದೆಯೆಂಬುದನ್ನು ಖೇದದಿಂದ ಹೇಳಬೇಕಾಗಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ಕೆಲವರು ಆರು ಬಗೆಯ ಮನುಷ್ಯರೆಂಬಂತೆ ವಿವರಿಸುತ್ತಾರೆ: ಇವನು ಭಕ್ತಸ್ಥಲದವನು, ಇವನಿಗೆ ಇಷ್ಟೇ ಸಾಕು, ಅವನು ಮಹೇಶಸ್ಥಲದವನು, ಅವನಿಗೆ ಅಷ್ಟು ಸಲ್ಲುತ್ತದೆ ಎಂದು. ಸ್ಥಲವೆಂಬುದು ಮನುಷ್ಯನ ಜಾತಿಯಲ್ಲ, ಅವನು ನಡೆಯುವ ದಾರಿಯಲ್ಲಿನ ನೆಲೆ. ಇಂದು ಇಲ್ಲಿರುವವನು ನಾಳೆ ಮುಂದಕ್ಕೆ ಹೋಗತಕ್ಕವನು. ಜಾತಿಸೂತಕವನ್ನು ಹರಿದ ಶರಣರ ಧರ್ಮದಲ್ಲಿ ಸ್ವಭಾವದ ಹೆಸರಿನಲ್ಲಿ ಇನ್ನೊಂದು ಜಾತಿ ಹುಟ್ಟಬಾರದು. ಶೂನ್ಯಸಂಪಾದನೆಯಲ್ಲಿ ಯಾವ ಶಿಷ್ಯನೂ ಬಂದಂತೆಯೇ ಹಿಂದಿರುಗುವುದಿಲ್ಲ. ಅಳುತ್ತಿದ್ದವಳು ವಾದಿಸುತ್ತಾಳೆ; ಕೋಪಗೊಂಡವರು ಶಾಂತರಾಗಿ ಜೊತೆಯಲ್ಲಿ ಕಲ್ಯಾಣಕ್ಕೆ ನಡೆಯುತ್ತಾರೆ. ಸ್ವಭಾವವನ್ನು ಅರಿತು ಬೋಧಿಸುವುದು ಶಿಷ್ಯನನ್ನು ಆ ಸ್ವಭಾವದಲ್ಲಿಯೇ ಉಳಿಸುವುದಕ್ಕಲ್ಲ, ಅಲ್ಲಿಂದ ಹೊರಡಿಸುವುದಕ್ಕೆ.

ಇಲ್ಲಿ ಗ್ರಂಥದ ಅತ್ಯಂತ ಚರ್ಚಾಸ್ಪದವಾದ ಭಾಗವನ್ನು ಪರಿಶೀಲಿಸಬೇಕಾಗುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯನ ಸಂಪಾದನೆಯಲ್ಲಿ ಸಿದ್ಧರಾಮರಿಗೆ ಇಷ್ಟಲಿಂಗದೀಕ್ಷೆಯಾಗುವ ಪ್ರಸಂಗವಿಲ್ಲ. ಅನಂತರದ ಸಂಪಾದನಕಾರರಿಗೆ ಇದು ಕೊರತೆಯಾಗಿ ಕಂಡಿತು. ಅವರು ಆ ಪ್ರಸಂಗವನ್ನು ಸೇರಿಸಿದರು. ಅಂತರಂಗದಲ್ಲಿ ಲಿಂಗವನ್ನು ಕಂಡ ತನಗೆ ಬಹಿರಂಗದ ಲಿಂಗವೇಕೆಂದು ಸಿದ್ಧರಾಮರು ಕೇಳುತ್ತಾರೆ. ಚನ್ನಬಸವಣ್ಣನವರು ಅಂತರಂಗ ಬಹಿರಂಗಗಳು ಒಂದಾಗಬೇಕಾದುದನ್ನು ಹಂತಹಂತವಾಗಿ ಪ್ರತಿಪಾದಿಸಿ, ಕೊನೆಗೆ ದೀಕ್ಷೆಯನ್ನು ದಯಪಾಲಿಸುತ್ತಾರೆ. ಈ ಭೇದವನ್ನು ಕುರಿತು ವಿದ್ವಾಂಸರಲ್ಲಿ ಎರಡು ಪಕ್ಷಗಳುಂಟು. ಮೊದಲನೆಯ ಸಂಪಾದನೆಯೇ ಉದಾರವಾದದ್ದು, ಮುಂದಿನವರು ಸಂಪ್ರದಾಯದ ಕಟ್ಟುಪಾಡಿಗಾಗಿ ಅದನ್ನು ತಿದ್ದಿದರು ಎಂಬುದು ಒಂದು. ಇಷ್ಟಲಿಂಗವಿಲ್ಲದೆ ವೀರಶೈವವಿಲ್ಲ, ಆದುದರಿಂದ ತಿದ್ದುಪಡಿ ಯುಕ್ತವೇ ಎಂಬುದು ಇನ್ನೊಂದು.

ಬೋಧನಕ್ರಮದ ದೃಷ್ಟಿಯಿಂದ ನೋಡಿದರೆ ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಮಹಾದೇವಯ್ಯನು ಸಿದ್ಧರಾಮರನ್ನು ಅವರ ಮಾರ್ಗದಲ್ಲಿಯೇ ಪೂರ್ಣರಾಗಲು ಬಿಟ್ಟನು. ಒಬ್ಬನ ಸ್ವಭಾವಕ್ಕೆ ಇಷ್ಟು ಗೌರವ ಕೊಟ್ಟುದು ಸಾಮಾನ್ಯವಲ್ಲ. ಎಲ್ಲರೂ ಒಂದೇ ವಿಧಿಯಲ್ಲಿ ಹಾದುಹೋಗಲೇಬೇಕೆಂದು ಬಯಸಿದ ಮುಂದಿನವರು ಆ ಗೌರವವನ್ನು ಸ್ವಲ್ಪ ಕುಗ್ಗಿಸಿದರೆಂದು ಒಪ್ಪಲೇಬೇಕು. ಹೀಗಿದ್ದರೂ ಸೇರಿಸಿದ ಪ್ರಸಂಗದಲ್ಲಿ ಅವರು ತೋರಿದ ವಿವೇಕ ಅಸಾಧಾರಣವಾದದ್ದು. ಅವರು ಸಿದ್ಧರಾಮರ ಆಕ್ಷೇಪವನ್ನು ಅಡಗಿಸಲಿಲ್ಲ. ಅದರ ಪೂರ್ಣ ಬಲದೊಡನೆ ನುಡಿಸಿದರು. ಅಪ್ಪಣೆಯಿಂದ ದೀಕ್ಷೆ ಮಾಡಿಸಲಿಲ್ಲ, ವಿಚಾರದಿಂದ ಒಪ್ಪಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಆ ಕೆಲಸವನ್ನು ಪ್ರಭುದೇವರಿಂದ ಮಾಡಿಸದೆ ಚನ್ನಬಸವಣ್ಣನವರಿಗೆ ವಹಿಸಿದರು. ಕಿಡಿ ಹೊತ್ತಿಸಿ ಕಾಣಿಸುವುದು ಪ್ರಭುದೇವರ ಸ್ವಭಾವ; ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ ತಿಳಿಸುವುದು ಷಟ್ಸ್ಥಲಚಕ್ರವರ್ತಿಯ ಸ್ವಭಾವ. ಕೆರೆ ಕಟ್ಟಿದ ಸಿದ್ಧರಾಮರಿಗೆ ಕಟ್ಟುವ ಬೋಧಕನೇ ಕೊನೆಗೆ ಬೇಕಾದನು. ಶಿಷ್ಯರಿಗೆ ಸ್ವಭಾವವಿರುವಂತೆ ಬೋಧಕರಿಗೂ ಒಂದು ಸ್ವಭಾವವಿದೆ. ಅದನ್ನರಿತು, ತನ್ನಿಂದಾಗದುದನ್ನು ಆಗಬಲ್ಲವರಿಗೆ ಒಪ್ಪಿಸುವುದೂ ಬೋಧನೆಯ ಒಂದು ಅಂಗ. ಈ ಸತ್ಯವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಕೃತಿ ಬೇರೊಂದು ಕಾಣಸಿಗುವುದು ಕಷ್ಟ. ಯಾವ ಗುರುವೂ ಎಲ್ಲರ ಗುರುವಾಗಲಾರನೆಂಬುದು ಗುರುತತ್ತ್ವಕ್ಕೆ ಕುಂದಲ್ಲ. ಕಲ್ಯಾಣದಲ್ಲಿ ಒಂದು ಅನುಭವಮಂಟಪವೇ ಬೇಕಾದುದರ ಕಾರಣ ಅದೇ.

ಗ್ರಂಥದಲ್ಲಿ ದೋಷವಿಲ್ಲವೆಂದಲ್ಲ. ಬಹುತೇಕ ಪ್ರಸಂಗಗಳು ಪರಸ್ಪರ ಸ್ತುತಿಯಲ್ಲಿಯೂ ನಮಸ್ಕಾರದಲ್ಲಿಯೂ ಮುಗಿಯುತ್ತವೆ. ಬೋಧೆ ಫಲಿಸದೆ ಹೋದ ಶಿಷ್ಯನೊಬ್ಬನು ಅಲ್ಲಿ ಪ್ರಧಾನವಾಗಿ ಕಾಣಿಸಿಕೊಳ್ಳುವುದಿಲ್ಲ. ನಡುವಣ ಗದ್ಯವು ಕೆಲವೆಡೆ ವಚನಗಳ ಅರ್ಥವನ್ನು ಅವಸರದಿಂದ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಒಂಟಿಯಾಗಿ ಓದಿದಾಗ ಹತ್ತು ಅರ್ಥ ಹೊಳೆಯಿಸುವ ವಚನ ಅಲ್ಲಿ ಉತ್ತರಪತ್ರಿಕೆಯಂತಾಗುತ್ತದೆ. ತರಗತಿಯನ್ನು ಬಲ್ಲವರಿಗೆ ಗೊತ್ತಿರುವಂತೆ ನಿಜವಾದ ಬೋಧನೆಯಲ್ಲಿ ಇಷ್ಟು ಅಚ್ಚುಕಟ್ಟಾದ ಮುಕ್ತಾಯಗಳಿರುವುದಿಲ್ಲ. ಎಷ್ಟೋ ಪ್ರಶ್ನೆಗಳಿಗೆ ಉತ್ತರ ಇಪ್ಪತ್ತು ವರ್ಷಗಳ ಬಳಿಕ ದೊರೆಯುತ್ತದೆ. ಕೆಲವಕ್ಕೆ ದೊರೆಯುವುದೇ ಇಲ್ಲ. ಸಂಪಾದನಕಾರರು ಆದರ್ಶವನ್ನು ಚಿತ್ರಿಸಿದರು. ಅದನ್ನು ಆದರ್ಶವೆಂದೇ ಸ್ವೀಕರಿಸಬೇಕು. ತನ್ನ ಮಾತು ಫಲಿಸಲಿಲ್ಲವೆಂದು ಶಿಷ್ಯನ ಮೇಲೆ ದೋಷ ಹೊರಿಸಲು ಅದನ್ನು ಬಳಸಬಾರದು.

ಹಾಗೆ ಬಳಸುವವರು ಪ್ರಭುದೇವರ ನಿಷ್ಠುರತೆಯನ್ನು ಮಾತ್ರ ಎರವಲು ಪಡೆಯುತ್ತಾರೆ, ಅದರ ಹಿಂದಿದ್ದ ಎರಡು ಗುಣಗಳನ್ನು ಪಡೆಯುವುದಿಲ್ಲ. ಒಂದು, ಪ್ರಭುದೇವರು ಶಿಷ್ಯನಿದ್ದಲ್ಲಿಗೆ ತಾವೇ ನಡೆದುಹೋದರು. ಸೊನ್ನಲಿಗೆಗೂ ಕಲ್ಯಾಣಕ್ಕೂ ಹೋದವರು ಅವರು. ಶಿಷ್ಯರನ್ನು ತಮ್ಮ ಬಾಗಿಲಲ್ಲಿ ಕಾಯಿಸಲಿಲ್ಲ. ಎರಡು, ತಾವು ಎಸೆದ ಮಾತಿಗೆ ಪ್ರತಿಯಾಗಿ ಬಂದ ಕಲ್ಲನ್ನು ತಾವೇ ಮೈಯೊಡ್ಡಿ ಸ್ವೀಕರಿಸಿದರು. ಹೊತ್ತಿಸಿದ ಬೆಂಕಿಯನ್ನು ಆರಿಸುವ ತನಕ ಅಲ್ಲಿಂದ ಕದಲಲಿಲ್ಲ. ಶಿಷ್ಯನ ಕೋಪವನ್ನು ತಾಳಲಾರದವನಿಗೆ ಶಿಷ್ಯನನ್ನು ಕೆಣಕುವ ಅಧಿಕಾರವಿಲ್ಲ. ಅಧಿಕಾರಿಭೇದವೆಂಬ ಶಬ್ದದಲ್ಲಿ ಅಧಿಕಾರಿಯೆಂದರೆ ಶಿಷ್ಯನೊಬ್ಬನೇ ಎಂದು ತಿಳಿಯುವುದು ವಾಡಿಕೆ. ಶೂನ್ಯಸಂಪಾದನೆಯನ್ನು ಓದಿ ಮುಗಿಸಿದವರಿಗೆ ಆ ಮಾತು ಗುರುವಿಗೂ ಅನ್ವಯಿಸುತ್ತದೆಂಬುದು ಮನವರಿಕೆಯಾಗುತ್ತದೆ. ಕಲಿಯುವ ಯೋಗ್ಯತೆಯನ್ನು ಶಿಷ್ಯನಲ್ಲಿ ಅಳೆಯುವ ಮುನ್ನ ಆ ಶಿಷ್ಯನಿಗೆ ಕಲಿಸುವ ಯೋಗ್ಯತೆ ತನಗಿದೆಯೆ ಎಂದು ಕೇಳಿಕೊಳ್ಳುವ ಗುರುವೇ ಶರಣರ ಮಾರ್ಗದ ಗುರು.